ಉಪ್ಪುನೀರೂ ದೋಣಿಯ ವಿದ್ಯುದುಪಕರಣಗಳೂ

ವರ್ಷವರ್ಷವೂ ಜೂನ್ ೧ರಿಂದ ಜುಲೈ ೩೧ರವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳು ಮೀನು ಹಿಡಿಯುವುದಕ್ಕೆ ಕಡಲಿಗೆ ಇಳಿಯುವಂತಿಲ್ಲ. ಆ ಅರುವತ್ತೊಂದು ದಿನ ಮಲ್ಪೆಯ ಬಂದರಿನಲ್ಲಿ ದೋಣಿಗಳು ಒಂದರ ಪಕ್ಕೆಗೆ ಒಂದು ಒರಗಿಕೊಂಡು, ಬಯಲಲ್ಲಿ ನಿಂತ ಎಮ್ಮೆಗಳ ಹಿಂಡಿನಂತೆ ಮಳೆಯನ್ನು ಸಹಿಸುತ್ತ ನಿಂತಿರುತ್ತವೆ. ಈ ಕಾಲದಲ್ಲಿ ಬಲೆಗಳ ಹರಕನ್ನು ಹೆಣೆಯುತ್ತಾರೆ, ಎಂಜಿನ್ನನ್ನು ಬಿಚ್ಚಿ ಜೋಡಿಸುತ್ತಾರೆ, ಒಡಲಿಗೆ ಬಣ್ಣ ಬಳಿಯುತ್ತಾರೆ. ಚುಕ್ಕಾಣಿಯ ಕೋಣೆಯೊಳಗಿರುವ ನಾಲ್ಕಾರು ಪೆಟ್ಟಿಗೆಗಳ ಗೊಡವೆಗೆ ಮಾತ್ರ ಹೋಗುವವರು ವಿರಳ. ಆ ಪೆಟ್ಟಿಗೆಗಳಾದರೋ ಇಂದಿನ ಮೀನುಗಾರನ ಕಣ್ಣು ಕಿವಿಗಳು: ದೋಣಿ ಇರುವ ಠಾವನ್ನು ತಿಳಿಸುವ ಜಿಪಿಎಸ್, ಧ್ವನಿಯ ಮರುದನಿಯಿಂದ ಆಳವನ್ನೂ ಮೀನಿನ ಹಿಂಡನ್ನೂ ತೋರಿಸುವ ಫಿಶ್ ಫೈಂಡರ್, ಇತರ ದೋಣಿಗಳೊಡನೆ ಮಾತನಾಡುವ ವೈರ್‌ಲೆಸ್, ಆಪತ್ತಿನಲ್ಲಿ ಉಪಗ್ರಹದ ಮೂಲಕ ದಡಕ್ಕೆ ಮೊರೆಯಿಡುವ ಪ್ರೇಷಕ. ಆಗಸ್ಟಿನ ಮೊದಲ ವಾರದಲ್ಲಿ ಗುಂಡಿಯನ್ನು ಒತ್ತಿದಾಗ ಕೆಲವು ಬೆಳಗುತ್ತವೆ, ಕೆಲವು ಬೆಳಗುವುದಿಲ್ಲ. ವಿಚಿತ್ರವೇನೆಂದರೆ, ಹತ್ತು ತಿಂಗಳು ತೆರೆಗಳ ಹೊಡೆತವನ್ನು ತಾಳಿಕೊಂಡ ಉಪಕರಣವೇ ಬಂದರಿನಲ್ಲಿ ಸುಮ್ಮನೆ ನಿಂತ ಎರಡು ತಿಂಗಳಲ್ಲಿ ಎಷ್ಟೋ ವೇಳೆ ಕೆಟ್ಟಿರುತ್ತದೆ.

ಇಂಥದೊಂದು ಕೆಟ್ಟ ಫಿಶ್ ಫೈಂಡರನ್ನು ನನ್ನ ವಿದ್ಯಾರ್ಥಿಯೊಬ್ಬನು ಕಾಲೇಜಿನ ಪ್ರಯೋಗಶಾಲೆಗೆ ಹೊತ್ತು ತಂದನು. ಅವನ ತಂದೆ ಆಳಸಮುದ್ರದ ಬೋಟೊಂದರ ತಾಂಡೇಲರು. ಪೆಟ್ಟಿಗೆಯ ಬೆನ್ನಿನ ಮೇಲೆ ಜಲನಿರೋಧಕವೆಂಬ ಮಾತೂ ‘ಐಪಿ ೬೭’ ಎಂಬ ಗುರುತೂ ಸ್ಪಷ್ಟವಾಗಿದ್ದುವು. ಕೊಂಡ ಅಂಗಡಿಗೆ ಒಯ್ದಾಗ, “ಒಳಗೆ ನೀರು ಹೊಕ್ಕಿದೆ, ಖಾತರಿ ಇದಕ್ಕೆ ಅನ್ವಯಿಸುವುದಿಲ್ಲ” ಎಂದು ಹಿಂದಕ್ಕೆ ಕೊಟ್ಟಿದ್ದರಂತೆ. ಹುಡುಗನು ನನ್ನನ್ನು ಕೇಳಿದ ಪ್ರಶ್ನೆ ಇಷ್ಟೆ: “ಸರ್, ನೀರು ಹೊಗುವುದಿಲ್ಲವೆಂದು ಬರೆದವರೇ ನೀರು ಹೊಕ್ಕಿತೆಂದು ಹೇಳಿ ಹಿಂದಿರುಗಿಸುವುದು ಹೇಗೆ?”

ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ. ಆದರೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ದೋಣಿಗಳಿಗೆ ಉಪಕರಣಗಳನ್ನು ಕೂಡಿಸುವುದರಲ್ಲಿ ನಾವು ತೋರಿಸುತ್ತಿರುವ ಉತ್ಸಾಹದ ಕಾಲುಭಾಗವನ್ನಾದರೂ, ಅವು ಒಂದು ಮಳೆಗಾಲ ಕಳೆದ ಮೇಲೆಯೂ ಕೆಲಸ ಮಾಡುತ್ತವೆಯೇ ಎಂಬುದನ್ನು ನೋಡುವುದರಲ್ಲಿ ತೋರಿಸುತ್ತಿಲ್ಲ. ಇದರ ಫಲವನ್ನು ಉಣ್ಣುವವನು ಅಂಗಡಿಯವನೂ ಅಲ್ಲ, ಅಧಿಕಾರಿಯೂ ಅಲ್ಲ. ದಡ ಕಾಣದಷ್ಟು ದೂರದಲ್ಲಿ ಏಳೆಂಟು ಜನ ಕಲಾಸಿಗಳೊಡನೆ ಇರುವ ತಾಂಡೇಲ.

ಮೊದಲು ಆ ಗುರುತಿನ ಅರ್ಥವನ್ನು ವಿಚಾರಿಸೋಣ. ಇದು ಅಂತರರಾಷ್ಟ್ರೀಯ ವಿದ್ಯುತ್ತಾಂತ್ರಿಕ ಆಯೋಗವು ೬೦೫೨೯ ಎಂಬ ಸಂಖ್ಯೆಯ ನಿಯಮದಲ್ಲಿ ಗೊತ್ತುಮಾಡಿದ ಸಂಕೇತ. ಮೊದಲಿನ ಅಂಕೆ ಧೂಳಿಗೆ ಸಂಬಂಧಿಸಿದ್ದು. ೬ ಎಂದರೆ ಧೂಳು ಒಳಹೊಗುವುದಿಲ್ಲವೆಂದರ್ಥ. ಎರಡನೆಯದು ನೀರಿಗೆ ಸಂಬಂಧಿಸಿದ್ದು. ೭ ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿಸಿಟ್ಟರೆ ಹಾನಿಯಾಗುವಷ್ಟು ನೀರು ಒಳಗೆ ಹೋಗದು ಎಂದರ್ಥ. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಪರೀಕ್ಷೆಗೆ ಒಳಗಾಗುವುದು ಆಗತಾನೆ ತಯಾರಾದ ಹೊಸ ಪೆಟ್ಟಿಗೆ. ನೀರು ನಿಶ್ಚಲವಾಗಿರುತ್ತದೆ, ಪೆಟ್ಟಿಗೆಗೂ ನೀರಿಗೂ ಉಷ್ಣತೆಯ ಅಂತರ ಹೆಚ್ಚಿರುವುದಿಲ್ಲ. ಲೋಹ ತುಕ್ಕು ಹಿಡಿಯುವುದನ್ನು ಈ ನಿಯಮ ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ. ಇನ್ನೊಂದು ಸ್ವಾರಸ್ಯವುಂಟು. ಮುಳುಗಿಸುವ ಪರೀಕ್ಷೆಯಲ್ಲಿ ಗೆದ್ದ ಪೆಟ್ಟಿಗೆ, ರಭಸದಿಂದ ಚಿಮ್ಮುವ ನೀರಿನ ಪರೀಕ್ಷೆಯಲ್ಲಿಯೂ ಗೆಲ್ಲುತ್ತದೆಂಬ ನಿಶ್ಚಯವಿಲ್ಲ. ಅದಕ್ಕೆ ಬೇರೆ ಅಂಕೆಯೇ ಇದೆ. ಹೀಗಿರುವಾಗ ಗುರುತು ಸುಳ್ಳು ಹೇಳುತ್ತಿಲ್ಲ. ಅದು ಹೇಳಿದ್ದಕ್ಕಿಂತ ಬಹಳ ಹೆಚ್ಚನ್ನು ನಾವು ಅದರಲ್ಲಿ ಓದುತ್ತೇವೆ, ಮಾರುವವರು ಹಾಗೆ ಓದಗೊಡುತ್ತಾರೆ.

ಈಗ ಚುಕ್ಕಾಣಿಯ ಕೋಣೆಯ ಗಾಜಿನ ಹಿಂದೆ, ಮೇ ತಿಂಗಳ ಬಿಸಿಲಿನಲ್ಲಿ, ಕಪ್ಪು ಬಣ್ಣದ ಪೆಟ್ಟಿಗೆಯೊಂದು ಕುಳಿತಿದೆಯೆಂದು ಭಾವಿಸಿ. ಅದರೊಳಗಿನ ಗಾಳಿ ೬೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದು ಅಸಂಭವವೇನಲ್ಲ. ಕಾದ ಗಾಳಿ ಹಿಗ್ಗಿ, ಎಲ್ಲಿಯೋ ಒಂದು ಸಂದಿನಿಂದ ಸ್ವಲ್ಪ ಸ್ವಲ್ಪವಾಗಿ ಹೊರಬಿದ್ದು, ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಿದೆ. ಆಗ ಒಮ್ಮೆಗೇ ತೆರೆಯೊಂದು ಮೇಲೆರಗಿ ಪೆಟ್ಟಿಗೆಯನ್ನು ೨೭ ಡಿಗ್ರಿಗೆ ತಣಿಸಿಬಿಡುತ್ತದೆ. ಪಠ್ಯಪುಸ್ತಕದಲ್ಲಿ ನೀವು ಕಲಿತ ಅನಿಲ ನಿಯಮವನ್ನು ಇಲ್ಲಿ ಹಚ್ಚಿನೋಡಿ. ನಿರಪೇಕ್ಷ ಉಷ್ಣತೆ ೩೩೩ರಿಂದ ೩೦೦ಕ್ಕೆ ಇಳಿಯಿತು. ಅಂದರೆ ಒಳಗಿನ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ತಗ್ಗಿತು. ವಾಯುಮಂಡಲದ ಒತ್ತಡ ಹತ್ತು ಮೀಟರಿಗೆ ಸ್ವಲ್ಪ ಹೆಚ್ಚು ಎತ್ತರದ ನೀರಿನ ಕಂಬಕ್ಕೆ ಸಮಾನವಷ್ಟೆ. ಅದರ ಹತ್ತನೆಯ ಒಂದು ಪಾಲು ಒಂದು ಮೀಟರ್ ನೀರು. ದೋಣಿಯ ಮೇಲೆ, ಗಾಜಿನ ಹಿಂದೆ, ಕಡಲಿಗೆ ಬೀಳದೆಯೇ ಪೆಟ್ಟಿಗೆ ಒಂದು ಮೀಟರ್ ಆಳದಲ್ಲಿ ಮುಳುಗಿದ ಪರೀಕ್ಷೆಗೆ ಗುರಿಯಾಯಿತು! ಪ್ರಯೋಗಶಾಲೆಯಲ್ಲಿ ಜನ್ಮಕ್ಕೊಮ್ಮೆ ಮಾಡಿದ ಪರೀಕ್ಷೆ ಇಲ್ಲಿ ದಿನಕ್ಕೆ ಹತ್ತು ಸಲ ನಡೆಯಬಹುದು. ಮೇಲಾಗಿ ಸಂದನ್ನು ಮುಚ್ಚಿರುವ ರಬ್ಬರಿನ ಉಂಗುರವು ಬಿಸಿಲಿಗೆ ಗಡಸಾಗುತ್ತ, ಎಂಜಿನ್ನಿನ ಕಂಪನದಿಂದ ತಿರುಪುಗಳು ಸಡಿಲುತ್ತ ಇರುತ್ತವೆ.

ಹೀಗೆ ಹಗಲು ಉಸಿರು ಬಿಟ್ಟು ರಾತ್ರಿ ಉಸಿರು ಎಳೆದುಕೊಳ್ಳುವ ಪೆಟ್ಟಿಗೆಯೊಳಗೆ ನೀರಿನ ಹನಿಯೇ ಹೋಗಬೇಕೆಂದಿಲ್ಲ. ಕರಾವಳಿಯ ಗಾಳಿ ಹೋದರೆ ಸಾಕು. ೩೦ ಡಿಗ್ರಿಯಲ್ಲಿ ಸಂತೃಪ್ತವಾದ ಒಂದು ಲೀಟರ್ ಗಾಳಿಯಲ್ಲಿ ಸುಮಾರು ೩೦ ಮಿಲಿಗ್ರಾಂ ನೀರಿನ ಆವಿ ಇರುತ್ತದೆ. ೨೦ ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ೧೭ ಮಾತ್ರ. ಉಳಿದ ೧೩ ಮಿಲಿಗ್ರಾಂ ಇಬ್ಬನಿಯಾಗಿ ಎಲ್ಲಿಯಾದರೂ ಕೂರಲೇಬೇಕು. ಒಂದು ಹನಿಯ ಕಾಲುಭಾಗವಾದ ಇದು ಅಲ್ಪವೆಂದು ತೋರಬಹುದು. ಆದರೆ ಪ್ರತಿ ರಾತ್ರಿಯೂ ಇಷ್ಟಿಷ್ಟೇ ಸೇರುತ್ತ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಾದ್ದರಿಂದಲೇ ಹೊರಗೆ ಹೋಗಲು ದಾರಿಯಿಲ್ಲದೆ, ಅದು ಒಳಗೆ ಉಳಿಯುತ್ತದೆ. ಮುದ್ರೆ ಬಿಗಿಯಾದಷ್ಟೂ ಒಣಗುವುದು ಕಷ್ಟ. ಈ ತೊಡಕನ್ನು ಅರಿತ ತಯಾರಕರು ಈಗ ಪೆಟ್ಟಿಗೆಗೆ ಒಂದು ಸಣ್ಣ ರಂಧ್ರವನ್ನು ಬೇಕೆಂದೇ ಇಟ್ಟು, ಟೆಫ್ಲಾನನ್ನು ಹಿಗ್ಗಿಸಿ ಮಾಡಿದ ತೆಳುಪೊರೆಯಿಂದ ಅದನ್ನು ಮುಚ್ಚುತ್ತಾರೆ. ಪೊರೆಯ ಸೂಕ್ಷ್ಮರಂಧ್ರಗಳಲ್ಲಿ ಗಾಳಿಯ ಅಣುಗಳು ಸಲೀಸಾಗಿ ಓಡಾಡುತ್ತವೆ. ನೀರಿನ ಹನಿ ತೂರಲಾರದು. ಒತ್ತಡ ಸಮವಾಗಿ ಉಳಿಯುವುದರಿಂದ ಸಂದುಗಳು ನೀರನ್ನು ಹೀರುವುದು ತಪ್ಪುತ್ತದೆ. ರಂಧ್ರವಿರುವ ಪೆಟ್ಟಿಗೆ ರಂಧ್ರವಿಲ್ಲದ ಪೆಟ್ಟಿಗೆಗಿಂತ ಹೆಚ್ಚು ಕಾಲ ಒಣಗಿರುತ್ತದೆಂಬುದನ್ನು ಅಂಗಡಿಯಲ್ಲಿ ಹೇಳಿದರೆ ಯಾರೂ ನಂಬಲಾರರು.

ಇಬ್ಬನಿ ಶುದ್ಧವಾದ ನೀರು. ಬರಿಯ ಇಬ್ಬನಿಯಿಂದ ಆಗುವ ಕೇಡು ಹೆಚ್ಚಿನದಲ್ಲ. ನಿಜವಾದ ವೈರಿ ಉಪ್ಪು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿವೆ. ಅದರ ವಿದ್ಯುದ್ವಾಹಕತೆ ನಲ್ಲಿಯ ನೀರಿಗಿಂತ ಸುಮಾರು ನೂರು ಪಟ್ಟು. ಅತಿಶುದ್ಧ ನೀರಿಗಿಂತಲಾದರೋ ಹತ್ತು ಲಕ್ಷ ಪಟ್ಟಿನಷ್ಟು. ನೀರು ಆರಿಹೋದರೂ ಉಪ್ಪು ಆರಿಹೋಗುವುದಿಲ್ಲ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೀವೆಲ್ಲರೂ ನೋಡಿದ್ದೀರಿ. ಶುದ್ಧವಾದ ಅಡಿಗೆಯ ಉಪ್ಪು, ಗಾಳಿಯ ಸಾಪೇಕ್ಷ ಆರ್ದ್ರತೆ ೭೫ ಶೇಕಡವನ್ನು ಮೀರಿದಾಗ ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಇರುವ ಮೆಗ್ನೀಸಿಯಂ ಕ್ಲೋರೈಡಿಗಾದರೆ ೩೩ ಶೇಕಡ ಸಾಕು. ಕರಾವಳಿಯಲ್ಲಿ ಗಾಳಿ ಅಷ್ಟು ಒಣಗುವ ದಿನ ವರ್ಷದಲ್ಲಿ ಎಷ್ಟು? ಆದಕಾರಣ, ಒಮ್ಮೆ ತುಂತುರು ಬಿದ್ದು ಒಣಗಿದಂತೆ ಕಾಣುವ ತಂತಿಯ ಸಂಧಿಯು ನಿಜವಾಗಿ ಒಣಗಿಯೇ ಇರುವುದಿಲ್ಲ. ಜೂನ್ ತಿಂಗಳಿನಲ್ಲಿ ದೋಣಿಯನ್ನು ಬಂದರಿನಲ್ಲಿ ಕಟ್ಟಿದಾಗ ಮೇ ತಿಂಗಳಿನ ಉಪ್ಪು ಅಲ್ಲಿಯೇ ಕುಳಿತಿರುತ್ತದೆ. ಮಳೆಗಾಲದ ತೇವ ಅದನ್ನು ಎರಡು ತಿಂಗಳು ಬಿಡದೆ ಎಚ್ಚರವಾಗಿಡುತ್ತದೆ. ಸುಮ್ಮನೆ ನಿಂತ ದೋಣಿಯ ಉಪಕರಣ ಕೆಡುವುದಕ್ಕೆ ಇದೇ ಕಾರಣ.

ಎಚ್ಚೆತ್ತ ಉಪ್ಪು ಮಾಡುವ ಕೆಲಸವನ್ನು ಲೆಕ್ಕ ಹಾಕಿಯೇ ನೋಡಬಹುದು. ಉಪಕರಣದ ಹಲಗೆಯ ಮೇಲಿರುವ ತಾಮ್ರದ ಪಟ್ಟಿಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ೩೫ ಪಾಲು. ಒಂದು ಮಿಲಿಮೀಟರ್ ಅಗಲ, ಒಂದು ಸೆಂಟಿಮೀಟರ್ ಉದ್ದದ ಪಟ್ಟಿಯಲ್ಲಿ ಇರುವ ತಾಮ್ರ ಸುಮಾರು ೩ ಮಿಲಿಗ್ರಾಂ. ಈ ಪಟ್ಟಿ ೧೨ ವೋಲ್ಟ್ ಬ್ಯಾಟರಿಯ ಧನಧ್ರುವಕ್ಕೆ ಸೇರಿದೆ; ಅದರ ನೆರೆಯ ಪಟ್ಟಿ ಋಣಧ್ರುವಕ್ಕೆ ಸೇರಿದೆ; ನಡುವೆ ಉಪ್ಪುನೀರಿನ ತೆಳ್ಳನೆಯ ಪದರ ಹಬ್ಬಿದೆ. ಇನ್ನು ಕೇಳಬೇಕೆ? ಪ್ರಯೋಗಶಾಲೆಯಲ್ಲಿ ನಾವು ಪಾತ್ರೆ ಇಟ್ಟು ಮಾಡುವ ವಿದ್ಯುದ್ವಿಭಜನೆ ಇಲ್ಲಿ ತಾನಾಗಿಯೇ ನಡೆಯುತ್ತದೆ. ಫ್ಯಾರಡೆಯ ನಿಯಮದಂತೆ, ಒಂದು ಮಿಲಿ ಆಂಪಿಯರ್ ವಿದ್ಯುತ್ತು ಧನಧ್ರುವದಿಂದ ಗಂಟೆಗೆ ೧.೨ ಮಿಲಿಗ್ರಾಂನಷ್ಟು ತಾಮ್ರವನ್ನು ಕರಗಿಸಬಲ್ಲುದು. ಹರಿದ ವಿದ್ಯುತ್ತೆಲ್ಲವೂ ಈ ಕೆಲಸಕ್ಕೇ ವಿನಿಯೋಗವಾದರೆ ಪಟ್ಟಿ ಮಾಯವಾಗುವುದಕ್ಕೆ ಮೂರು ಗಂಟೆಯೂ ಬೇಡ! ಅದರ ಒಂದು ಪಾಲು ಕ್ಲೋರಿನ್ ಬಿಡುಗಡೆ ಮುಂತಾದ ಇತರ ಕ್ರಿಯೆಗಳಿಗೆ ಹೋಗುವುದಾದರೂ, ತಿಂಗಳುಗಟ್ಟಲೆ ಕಾಲವಿರುವಾಗ ಅದೇನೂ ಸಮಾಧಾನವಲ್ಲ. ಅತ್ತ ಋಣಧ್ರುವದ ಕಡೆಯಿಂದ ಕೆಲವು ವೇಳೆ ತಾಮ್ರವು ಜರಿಗಿಡದ ಎಲೆಯಂತೆ ಕವಲೊಡೆದು ಬೆಳೆದು ಎದುರಿನ ಪಟ್ಟಿಯನ್ನು ಮುಟ್ಟಿಬಿಡುತ್ತದೆ.

ನೀರಿನಲ್ಲಿ ಬಿದ್ದ ಉಪಕರಣವನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ಮನೆಮದ್ದೊಂದು ಈಚೆಗೆ ಪ್ರಚಾರದಲ್ಲಿದೆ. ಅಕ್ಕಿ ಸ್ವಲ್ಪ ತೇವವನ್ನು ಹೀರಬಹುದು, ಉಪ್ಪನ್ನು ಹೀರಲಾರದು. ಕಡಲಿಗೆ ಬಿದ್ದ ಉಪಕರಣಕ್ಕೆ ಮೊದಲು ಮಾಡಬೇಕಾದ ಕೆಲಸ, ಬ್ಯಾಟರಿಯ ಸಂಬಂಧವನ್ನು ತಪ್ಪಿಸುವುದು. ಎರಡನೆಯದು, ಸಿಹಿನೀರಿನಲ್ಲಿ, ದೊರೆತರೆ ಬಟ್ಟಿಯಿಳಿಸಿದ ನೀರಿನಲ್ಲಿ, ಚೆನ್ನಾಗಿ ಜಾಲಿಸುವುದು. ಒಣಗಿಸುವ ಮಾತು ಆಮೇಲೆ. ನೀರಿನಿಂದ ಕೆಟ್ಟುದನ್ನು ಮತ್ತೆ ನೀರಿನಲ್ಲಿ ತೊಳೆಯಲು ಹೇಳಿದರೆ ಜನ ನಗುತ್ತಾರೆ. ಇದಕ್ಕೆ ನಾನು ಎಷ್ಟೋ ಸಲ ಗುರಿಯಾಗಿದ್ದೇನೆ.

ಇನ್ನು ಆ ಫಿಶ್ ಫೈಂಡರಿನ ಕಥೆ. ಪೆಟ್ಟಿಗೆಯನ್ನು ಬಿಚ್ಚಿ ನೋಡಿದಾಗ ನಮಗೆ ಆಶ್ಚರ್ಯವಾಯಿತು. ಗಾಜಿನ ಒಳಮೈಯಲ್ಲಿ ಸ್ವಲ್ಪ ಮಬ್ಬು ಕವಿದಿತ್ತೇ ಹೊರತು ಹಲಗೆ ಸ್ವಚ್ಛವಾಗಿತ್ತು. ಕೇಡು ಇದ್ದದ್ದು ಹೊರಗೆ, ಬೆನ್ನಿಗೆ ತಂತಿ ಬಂದು ಸೇರುವ ಸಂಧಿಯಲ್ಲಿ. ಅದನ್ನು ಕತ್ತರಿಸಿದಾಗ ತಾಮ್ರದ ಎಳೆಗಳ ಬದಲು ಹಸಿರು ಕಿಲುಬಿನ ಪುಡಿ ಉದುರಿತು. ತಂತಿಯ ಹೊದಿಕೆಯನ್ನು ಸುಲಿಯುತ್ತ ಹೋದೆವು. ಒಂದು ಗೇಣು ಹೋದರೂ ಎಳೆಗಳು ಕಪ್ಪಗೇ ಇದ್ದುವು. ಎರಡು ಗೇಣು ದಾಟಿದ ಮೇಲೆ ಕೆಂಪು ಲೋಹ ಕಾಣಿಸಿತು. ಹಲವು ಎಳೆಗಳನ್ನು ಹೊಸೆದು ಮಾಡಿದ ತಂತಿಯು ದೀಪದ ಬತ್ತಿಯಿದ್ದಂತೆ. ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆಯೇ, ಕೇಶಾಕರ್ಷಣದಿಂದ ತಂತಿ ತನ್ನ ತೆರೆದ ತುದಿಯಲ್ಲಿ ಉಪ್ಪುನೀರನ್ನು ಹೀರಿ ಹೊದಿಕೆಯೊಳಗೆ ಬಹುದೂರ ಒಯ್ಯುತ್ತದೆ. ಕೋಟೆಯ ಗೋಡೆ ಭದ್ರವಾಗಿತ್ತು. ದಿಡ್ಡಿ ಬಾಗಿಲು ತೆರೆದಿತ್ತು.

ಇಲ್ಲಿ ತಪ್ಪು ಬರಿಯ ತಯಾರಕರದೆಂದು ನಾನು ಹೇಳಲಾರೆ. ಆ ತಂತಿ ಮನೆಯ ದೀಪಕ್ಕೆ ಬಳಸುವ ಸಾಧಾರಣ ತಂತಿ; ಅದನ್ನು ಕೈಯಿಂದ ತಿರುಚಿ ಅಂಟುಪಟ್ಟಿ ಸುತ್ತಿದ್ದರು. ಬಳಸಬೇಕಾಗಿದ್ದುದು ಪ್ರತಿಯೊಂದು ಎಳೆಗೂ ತವರದ ಕಲಾಯಿ ಹಾಕಿದ ತಂತಿಯನ್ನು. ತಾಮ್ರದ ಪಾತ್ರೆಗೆ ಕಲಾಯಿ ಏಕೆ ಹಾಕಿಸಬೇಕೆಂಬುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು; ಹುಳಿಯ ಬದಲು ಇಲ್ಲಿ ಉಪ್ಪು, ಅಷ್ಟೆ. ಸಂಧಿಯ ಮೇಲೆ, ಕಾಯಿಸಿದರೆ ಕುಗ್ಗಿ ಒಳಗಿನ ಅಂಟು ಕರಗಿ ಹಿಡಿದುಕೊಳ್ಳುವ ಕೊಳವೆಯನ್ನು ತೊಡಿಸಬೇಕಾಗಿತ್ತು. ತಂತಿಯು ಪೆಟ್ಟಿಗೆಯನ್ನು ಸೇರುವ ಮೊದಲು ಒಂದಿಷ್ಟು ಕೆಳಕ್ಕೆ ಜೋತು ಮೇಲೇರುವಂತೆ ಬಿಟ್ಟಿದ್ದರೆ, ಜಾರಿ ಬಂದ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿಹೋಗುತ್ತಿತ್ತು. ಇದಕ್ಕೆ ಕಾಸೂ ಖರ್ಚಿಲ್ಲ. ಬಂದರಿನಲ್ಲಿ ಇವೆಲ್ಲವನ್ನೂ ತಿಳಿದು ಮಾಡುವ ಕುಶಲರು ಇಲ್ಲದಿಲ್ಲ. ಆದರೆ ಆಗಸ್ಟ್ ೧ರ ಹೊಸ್ತಿಲಲ್ಲಿ, ಸಾಲ ತಂದು ಮಂಜುಗಡ್ಡೆ ಡೀಸೆಲುಗಳನ್ನು ತುಂಬಿಸಿಕೊಂಡು ಮೊದಲ ದಿನವೇ ಹೊರಡಬೇಕೆಂದು ನಿಂತ ದೋಣಿಗೆ ಅವರು ಸಿಕ್ಕಬೇಕಲ್ಲ!

ಫಿಶ್ ಫೈಂಡರ್ ಕೆಟ್ಟರೆ ಮೀನು ತಪ್ಪೀತು. ಇಂಥದೇ ಸಂಧಿ ವೈರ್‌ಲೆಸ್ಸಿನ ತಂತಿಯಲ್ಲಿದ್ದರೆ ಏನಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಕಿಲುಬು ಹಿಡಿದ ಸಂಧಿಯ ರೋಧ ಬರಿಯ ಅರ್ಧ ಓಮ್ ಎಂದಿಟ್ಟುಕೊಳ್ಳಿ. ವಿಎಚ್‌ಎಫ್ ವೈರ್‌ಲೆಸ್ ಸುಮ್ಮನೆ ಕೇಳುತ್ತಿರುವಾಗ ಎಳೆದುಕೊಳ್ಳುವ ವಿದ್ಯುತ್ತು ಸುಮಾರು ಅರ್ಧ ಆಂಪಿಯರ್. ಸಂಧಿಯಲ್ಲಿ ನಷ್ಟವಾಗುವ ವಿಭವ ಕಾಲು ವೋಲ್ಟ್; ಯಾರಿಗೂ ತಿಳಿಯದು. ದಿನವೆಲ್ಲ ನೆರೆಯ ದೋಣಿಗಳ ಮಾತು ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಉಪಕರಣ ಸರಿಯಾಗಿದೆಯೆಂದು ತಾಂಡೇಲರು ನಂಬಿರುತ್ತಾರೆ. ಆದರೆ ಪೂರ್ಣ ಸಾಮರ್ಥ್ಯವಾದ ೨೫ ವಾಟ್‌ನಲ್ಲಿ ಕೂಗುವುದಕ್ಕೆ ಗುಂಡಿ ಒತ್ತಿದೊಡನೆ ಬೇಕಾಗುವುದು ಸುಮಾರು ೫ ಆಂಪಿಯರ್. ಆಗ ಎರಡೂವರೆ ವೋಲ್ಟ್ ಸಂಧಿಯಲ್ಲೇ ಸೋರಿಹೋಗಿ, ೧೨ ವೋಲ್ಟ್ ಇರಬೇಕಾದಲ್ಲಿ ಒಂಬತ್ತೂವರೆ ಉಳಿಯುತ್ತದೆ. ಪ್ರೇಷಕ ಸೊರಗುತ್ತದೆ, ಇಲ್ಲವೇ ಪೂರ್ತಿ ನಂದಿಹೋಗುತ್ತದೆ. ಕೇಳಬಲ್ಲುದು, ಕೂಗಲಾರದು. ಇದಕ್ಕಿಂತ ಮೋಸದ ಕೇಡು ಬೇರೊಂದಿಲ್ಲ. ಸಂಪೂರ್ಣ ಸತ್ತ ಉಪಕರಣವಾದರೆ ಕನಿಷ್ಠಪಕ್ಷ ತಾನು ಸತ್ತಿರುವೆನೆಂದು ಹೇಳುತ್ತದೆ.

ಆಂಟೆನಾದ ತಂತಿಯ ಕಥೆಯೂ ಇದೇ ಬಗೆಯದು. ಅದರ ಒಳತಂತಿಗೂ ಹೊರಜಾಲರಿಗೂ ನಡುವೆ ಇರುವ ಪಾಲಿಥೀನಿನ ಪರಾವೈದ್ಯುತ ಸ್ಥಿರಾಂಕ ಎರಡಕ್ಕೆ ಸ್ವಲ್ಪ ಹೆಚ್ಚು. ನೀರಿನದು ಸುಮಾರು ಎಂಬತ್ತು. ಹೊದಿಕೆ ಬಿರಿದು ನೀರು ಹೊಕ್ಕ ಕಡೆ ರೇಡಿಯೋ ಅಲೆಗೆ ದಾರಿಯ ಗುಣವೇ ಬದಲಾಗುತ್ತದೆ. ಶಕ್ತಿಯ ಒಂದು ಪಾಲು ಹಿಂದಿರುಗುತ್ತದೆ, ಇನ್ನೊಂದು ಪಾಲು ತಂತಿಯಲ್ಲೇ ಶಾಖವಾಗುತ್ತದೆ. ಕಂಬದ ತುದಿಯವರೆಗೆ ಏರಿ ನೋಡದೆ ಇದು ಗೊತ್ತಾಗುವುದಿಲ್ಲ.

ಇಷ್ಟು ಸಣ್ಣ ಸಂಧಿಯಿಂದ ಎಷ್ಟು ದೊಡ್ಡ ಅನಾಹುತವಾಗಬಹುದೆಂಬುದಕ್ಕೆ ದೂರದ ಅಟ್ಲಾಂಟಿಕಿನ ನಿದರ್ಶನವೊಂದುಂಟು. ೧೯೯೫ರ ಜೂನ್ ೯ರಂದು ‘ರಾಯಲ್ ಮೆಜೆಸ್ಟಿ’ ಎಂಬ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟಿತು. ಹಡಗಿನ ಮೇಲಿದ್ದವರು ೧,೫೦೯ ಮಂದಿ. ಹೊರಟು ಸುಮಾರು ಒಂದು ಗಂಟೆಯೊಳಗೆ ಜಿಪಿಎಸ್ ಆಂಟೆನಾದ ತಂತಿ ತನ್ನ ಸಂಧಿಯಿಂದ ಬಿಟ್ಟುಕೊಂಡಿತು. ಉಪಗ್ರಹಗಳ ಸಂಕೇತ ತಪ್ಪಿದೊಡನೆ ಉಪಕರಣವು, ವೇಗ ಮತ್ತು ದಿಕ್ಕುಗಳಿಂದ ಸ್ಥಾನವನ್ನು ಅಂದಾಜು ಮಾಡುವ ಹಳೆಯ ಕ್ರಮಕ್ಕೆ ತಾನಾಗಿಯೇ ಹೊರಳಿಕೊಂಡಿತು. ಹೊರಳಿದೆನೆಂಬುದನ್ನು ಮುಖಫಲಕದ ಮೇಲೆ ಪುಟ್ಟ ಅಕ್ಷರಗಳಲ್ಲಿ ತೋರಿಸಿತು. ಯಾರೂ ನೋಡಲಿಲ್ಲ. ತಾನಾಗಿ ನಡೆಯುವ ಚುಕ್ಕಾಣಿಯು ಆ ಅಂದಾಜನ್ನೇ ನಿಜವೆಂದು ನಂಬಿ ನಡೆಸಿತು. ಗಾಳಿಯೂ ಪ್ರವಾಹವೂ ಹಡಗನ್ನು ಮೆಲ್ಲಮೆಲ್ಲನೆ ಪಕ್ಕಕ್ಕೆ ತಳ್ಳಿದುವು. ಸುಮಾರು ೩೪ ಗಂಟೆಗಳ ತರುವಾಯ, ಜೂನ್ ೧೦ರ ರಾತ್ರಿ, ನಾಂಟುಕೆಟ್ ದ್ವೀಪದ ಪೂರ್ವಕ್ಕೆ, ಇರಬೇಕಾದ ಜಾಗದಿಂದ ೧೭ ನಾವಿಕ ಮೈಲಿ ಆಚೆ, ಹಡಗು ಮರಳುದಿಣ್ಣೆಯನ್ನು ಹತ್ತಿ ನಿಂತಿತು. ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಆ ಕೋಣೆಯಲ್ಲಿಯೇ ಲೋರಾನ್ ಎಂಬ ಬೇರೊಂದು ಸ್ಥಾನಸೂಚಕವೂ ಇತ್ತು. ಎರಡನ್ನೂ ಹೋಲಿಸಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅಷ್ಟು ದೊಡ್ಡ ಹಡಗಿನ ವಿಚಾರವೇ ಹೀಗಾದರೆ ನಮ್ಮ ದೋಣಿಗಳ ವಿಚಾರವೇನು? ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ರೂಪಿಸಿದ ಆಪತ್‌ಸೂಚಕ ಪ್ರೇಷಕವು ೨೦೧೦ರಿಂದ ಬಳಕೆಯಲ್ಲಿದೆ. ೨೦೨೪ರ ಜನವರಿಯಲ್ಲಿ ಬಳಕೆಗೆ ಬಂದ ಅದರ ಎರಡನೆಯ ಪೀಳಿಗೆಯ ಉಪಕರಣವು, ಮೊರೆ ದಡವನ್ನು ಮುಟ್ಟಿತೆಂಬ ಮರುಸಂದೇಶವನ್ನೂ ನಾವಿಕ್ ಉಪಗ್ರಹಗಳ ಮೂಲಕ ದೋಣಿಗೆ ತಲಪಿಸುತ್ತದೆ. ಮುಳುಗುತ್ತಿರುವವನಿಗೆ ‘ಕೇಳಿಸಿತು’ ಎಂಬ ಒಂದು ಮಾತಿನ ಬೆಲೆ ಏನೆಂಬುದನ್ನು ದಡದಲ್ಲಿ ಕುಳಿತ ನಾವು ಊಹಿಸಲಾರೆವು. ಅದೇ ವರ್ಷದ ಆಗಸ್ಟಿನಲ್ಲಿ, ಒಂದು ಲಕ್ಷ ಮೀನುಗಾರಿಕೆಯ ದೋಣಿಗಳಿಗೆ ಉಪಗ್ರಹ ಸಂಪರ್ಕದ ಟ್ರಾನ್ಸ್‌ಪಾಂಡರುಗಳನ್ನು ಅಳವಡಿಸುವ ೩೬೪ ಕೋಟಿ ರೂಪಾಯಿಗಳ ಯೋಜನೆ ಆರಂಭವಾಯಿತು. ಇವೆಲ್ಲವೂ ಹೆಮ್ಮೆಪಡತಕ್ಕ ಕೆಲಸಗಳೇ. ನನ್ನ ತಕರಾರು ಎಣಿಕೆಯ ಬಗೆಗೆ. ಇಂಥ ಯೋಜನೆಗಳ ವರದಿಯಲ್ಲಿ ನಾವು ಎದುರುನೋಡುವುದು ಎಷ್ಟು ದೋಣಿಗಳಿಗೆ ಅಳವಡಿಸಿದರೆಂಬ ಸಂಖ್ಯೆಯನ್ನು. ಅಳವಡಿಸಿದವುಗಳಲ್ಲಿ ಎರಡು ಮಳೆಗಾಲಗಳನ್ನು ಕಳೆದ ಮೇಲೆ ಕೆಲಸ ಮಾಡುವುವು ಎಷ್ಟು ಎಂಬ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಅಚ್ಚುಹಾಕಬೇಕೆಂದು ನಾವು ಏಕೆ ಕೇಳಬಾರದು?

ಆಪತ್ತಿನ ಉಪಕರಣಕ್ಕೆ ಇದು ಇನ್ನಷ್ಟು ಮುಖ್ಯ. ದೀಪ ಕೆಟ್ಟರೆ ಅಂದೇ ಸಂಜೆ ತಿಳಿಯುತ್ತದೆ. ದಿನವೂ ಬಳಸುವ ಜಿಪಿಎಸ್ ಕೆಟ್ಟರೂ ತಿಳಿಯುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಸುಮ್ಮನೆ ಕುಳಿತು ಒಂದೇ ಒಂದು ರಾತ್ರಿ ಕೆಲಸಕ್ಕೆ ಬರಬೇಕಾದ ಉಪಕರಣ ಕೆಟ್ಟಿರುವುದು ಆ ರಾತ್ರಿಯೇ ತಿಳಿಯುತ್ತದೆ. ಪರೀಕ್ಷೆಗೆಂದು ಆಪತ್ತಿನ ಗುಂಡಿಯನ್ನೇ ಒತ್ತಿ ನೋಡುವಂತೆಯೂ ಇಲ್ಲ. ಸುಳ್ಳು ಮೊರೆಗಳು ಹೆಚ್ಚಿದರೆ ತೋಳ ಬಂತು ತೋಳ ಎಂದ ಹುಡುಗನ ಕಥೆಯಾದೀತು. ಆದ್ದರಿಂದ ತಿಳಿದವರು, ತಕ್ಕ ಸಾಧನಗಳಿಂದ, ದಡದಲ್ಲಿಯೇ ಪರೀಕ್ಷಿಸಬೇಕು.

ಅದಕ್ಕೆ ಸಮಯವನ್ನು ಪ್ರಕೃತಿಯೇ ಒದಗಿಸಿಕೊಟ್ಟಿದೆ. ನಿಷೇಧದ ಆ ಅರುವತ್ತೊಂದು ದಿನಗಳಲ್ಲಿ ಎಲ್ಲ ದೋಣಿಗಳೂ ಬಂದರಿನಲ್ಲಿಯೇ ಇರುತ್ತವೆ. ಜೂನ್ ಮೊದಲ ವಾರದಲ್ಲಿ ಕಳಚಬಹುದಾದ ಉಪಕರಣಗಳನ್ನು ಕಳಚಿ, ಸಂಧಿಗಳ ಉಪ್ಪನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಮನೆಯ ಒಣಜಾಗದಲ್ಲಿಡುವುದು ತಾಂಡೇಲರ ಪಾಲಿನ ಕೆಲಸ. ಜುಲೈ ಕೊನೆಯಲ್ಲಿ ಪ್ರತಿಯೊಂದು ಮೀನುಗಾರಿಕೆ ಬಂದರಿನಲ್ಲಿಯೂ ಒಂದು ಪರೀಕ್ಷಾ ಮೇಜನ್ನು ತೆರೆದು, ಪೂರ್ಣ ಸಾಮರ್ಥ್ಯದಲ್ಲಿ ಕೂಗುವಾಗ ವೈರ್‌ಲೆಸ್ಸಿಗೆ ದೊರೆಯುವ ವೋಲ್ಟೇಜನ್ನೂ, ಆಂಟೆನಾದ ಸ್ಥಿತಿಯನ್ನೂ, ಆಪತ್‌ಸೂಚಕದ ಬ್ಯಾಟರಿಯ ಅವಧಿಯನ್ನೂ ನೋಡಿ ಬರೆದುಕೊಡುವುದು ಸರಕಾರದ ಪಾಲಿನದು. ಕೈಗಳಿಗೆ ಬರವಿಲ್ಲ, ಕರಾವಳಿಯುದ್ದಕ್ಕೂ ಪಾಲಿಟೆಕ್ನಿಕ್ಕುಗಳೂ ಐಟಿಐಗಳೂ ಇವೆ. ಕೊಳ್ಳುವವರ ನೆರವಿಗೂ ಒಂದು ನಿಯಮವಾಗಬೇಕು. ಹಡಗಿನ ಉಪಕರಣಗಳಿಗೆಂದೇ ಅದೇ ಆಯೋಗದ ೬೦೯೪೫ ಎಂಬ ಬೇರೊಂದು ನಿಯಮವಿದೆ. ಅದರಲ್ಲಿ ತೇವದ ಸೆಕೆ, ಬಿಸಿಲು, ಕಂಪನ, ಉಪ್ಪಿನ ಮಂಜು ಎಲ್ಲಕ್ಕೂ ಪರೀಕ್ಷೆಗಳುಂಟು. ಸಾರ್ವಜನಿಕ ಹಣದಿಂದ ದೋಣಿಗೆ ಬರುವ ಪ್ರತಿಯೊಂದು ಪೆಟ್ಟಿಗೆಯೂ ಈ ಪರೀಕ್ಷೆಗಳನ್ನು ದಾಟಿದ್ದೇ ಎಂಬುದನ್ನು ಕನ್ನಡದಲ್ಲಿ ಅದರ ಮೈಮೇಲೆ ಬರೆದಿರಬೇಕು.

ಇದನ್ನು ಕೇಳಿದ ಹಿರಿಯ ಮೀನುಗಾರರೊಬ್ಬರು, ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ತಾವು ನಕ್ಷತ್ರ ನೋಡಿಕೊಂಡೇ ಹೋಗಿಬಂದೆವೆಂದು ನನಗೆ ಹೇಳಿದರು. ಹೋದವರೆಲ್ಲರೂ ಬಂದರೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹಿಂದಕ್ಕೆ ಹೋಗೋಣವೆಂದು ನಾನು ಹೇಳುತ್ತಿಲ್ಲ. ಆದರೆ ಬ್ಯಾಟರಿಯ ಹಂಗಿಲ್ಲದ ಕಾಂತದಿಕ್ಸೂಚಿಯೊಂದನ್ನು ಕೋಣೆಯಿಂದ ತೆಗೆದುಹಾಕುವುದು ಬುದ್ಧಿವಂತಿಕೆಯಲ್ಲ.

ಹುಡುಗನ ಫಿಶ್ ಫೈಂಡರಿಗೆ ಹಾಳಾದ ಎರಡು ಗೇಣು ತಂತಿಯನ್ನು ಕತ್ತರಿಸಿಹಾಕಿ, ಕಲಾಯಿಯ ತಂತಿಯನ್ನೂ ಹೊಸ ಸಂಧಿಯನ್ನೂ ಜೋಡಿಸಿದೆವು. ಅದು ಬೆಳಗಿತು, ಆ ಮೀನುಗಾರಿಕೆಯ ಋತುವನ್ನು ಪೂರೈಸಿತು. ಗಾಜಿನ ಮಬ್ಬು ಮಾತ್ರ ಇನ್ನೂ ಇದೆ. ಈ ಜುಲೈ ಕೊನೆಯಲ್ಲಿ ನಾಲ್ವರು ವಿದ್ಯಾರ್ಥಿಗಳೊಡನೆ ವೋಲ್ಟ್ ಮಾಪಕವನ್ನು ಹಿಡಿದು ಬಂದರಿಗೆ ಹೋಗಿ, ಆಗುವಷ್ಟು ದೋಣಿಗಳನ್ನು ನೋಡಬೇಕೆಂದು ಗೊತ್ತುಮಾಡಿದ್ದೇವೆ. ಅವನ ತಂದೆಯವರಿಗೆ ಹೇಳಿದಾಗ ಸಂತೋಷದಿಂದ ಒಪ್ಪಿಕೊಂಡು, “ಮೊದಲು ಫಿಶ್ ಫೈಂಡರ್ ನೋಡಿ ಮಾಷ್ಟ್ರೇ, ವೈರ್‌ಲೆಸ್ ಆಮೇಲೆ ನೋಡುವ” ಎಂದರು. ನನ್ನ ಪಟ್ಟಿಯಲ್ಲಿ ವೈರ್‌ಲೆಸ್ಸೇ ಮೊದಲಿದೆ.